ಬಿಸಿಗೊಂದು ಮರ, ಮಳೆಗೊಂದು ಮರ

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿರುವ ಸೌನಾಗಳ ಸಂಖ್ಯೆ ಸುಮಾರು 30 ಲಕ್ಷ. ಅಪಾರ್ಟ್‌ಮೆಂಟಿನ ಬಚ್ಚಲಿಗೆ ಅಂಟಿಕೊಂಡ ಪುಟ್ಟ ಕೋಣೆಯಿಂದ ಹಿಡಿದು ಸರೋವರದ ದಂಡೆಯ ದಿಮ್ಮಿಮನೆಯವರೆಗೆ ಎಲ್ಲವೂ ಈ ಲೆಕ್ಕದಲ್ಲಿ ಸೇರಿವೆ. ಕೆಂಡದಂತೆ ಕಾದ ಕಲ್ಲುಗಳ ಮೇಲೆ ನೀರು ಸುರಿದು, ಏಳುವ ಹಬೆಯಲ್ಲಿ ಬೆವರುವ ಈ ಪದ್ಧತಿಯನ್ನು 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯೊಳಗಿನ ಸೌನಾದ ವಿಷಯದಲ್ಲಿ ಮರದ ಆಯ್ಕೆ ಹೆಚ್ಚು ತಲೆನೋವಿನದಲ್ಲ. ಬಯಲಲ್ಲಿ ಒಂಟಿಯಾಗಿ ನಿಲ್ಲುವ ಸೌನಾದ ಕತೆ ಬೇರೆ. ಒಳಗೆ 80–90 ಡಿಗ್ರಿ ಸೆಲ್ಸಿಯಸ್ ಕಾವು, ಹೊರಗೆ ಜನವರಿಯ ಮೈನಸ್ 20 ಡಿಗ್ರಿ. ಗೋಡೆಯ ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ನೂರು ಡಿಗ್ರಿಗೂ ಮೀರಿದ ಅಂತರ. ಒಂದು ಗಂಟೆಯ ಹಿಂದೆ ಒಣಗಿ ಕಟಕಟ ಎನ್ನುತ್ತಿದ್ದ ಹಲಗೆ ಈಗ ಹಬೆಯಲ್ಲಿ ತೊಯ್ದಿರುತ್ತದೆ. ವಸಂತ ಬಂತೆಂದರೆ ಗೋಡೆಗೆ ಒರಗಿದ ಹಿಮ ಕರಗಿ ಬುಡಕ್ಕೆ ಇಳಿಯುತ್ತದೆ.

ಇದನ್ನೆಲ್ಲ ತಡೆದುಕೊಂಡು ಬಹುಕಾಲ ಬಾಳುವ ಮರ ಯಾವುದು ಎಂದು ಕಟ್ಟಿಸುವವರು ಕೇಳುತ್ತಾರೆ. ಮಾರುವವರು ಸೀಡರ್, ಲಾರ್ಚ್, ಶಾಖ ಸಂಸ್ಕರಿಸಿದ ಪೈನ್ ಎಂದು ಒಂದೊಂದು ಹೆಸರನ್ನು ಮುಂದಿಡುತ್ತಾರೆ. ಒಂದೇ ಮರದ ಹೆಸರು ಹೇಳಿ ಮುಗಿಸುವ ಉತ್ತರ ಇಲ್ಲಿ ಸಲ್ಲದು ಎಂಬುದು ನನ್ನ ವಾದ. ಬಯಲಿನ ಸೌನಾ ಎಂದರೆ ಒಂದೇ ಸೂರಿನ ಕೆಳಗಿರುವ ನಾಲ್ಕೈದು ಬೇರೆ ಬೇರೆ ಹವಾಮಾನ. ಕೂರುವ ಜಗಲಿ, ಒಳಗೋಡೆ, ನೆಲ, ಹೊರಮೈ, ಬುಡದ ದಿಮ್ಮಿ ಇವುಗಳಲ್ಲಿ ಒಂದಕ್ಕೆ ಒಪ್ಪುವ ಗುಣ ಮತ್ತೊಂದಕ್ಕೆ ದೋಷವಾಗಬಹುದು.

ಕನ್ನಡದ ಓದುಗರ ಮನಸ್ಸಿಗೆ ಮೊದಲು ಬರುವುದು ತೇಗ. ನಮ್ಮಲ್ಲಿ ಬಾಳಿಕೆಯ ಮರವೆಂದರೆ ತೇಗ, ಹೊನ್ನೆ, ಮತ್ತಿ, ಬೀಟೆ. ಮರದ ಶತ್ರುವೆಂದರೆ ಮೊದಲು ಗೆದ್ದಲು, ಆಮೇಲೆ ಮಳೆ. ಫಿನ್ಲೆಂಡಿನಲ್ಲಿ ಗೆದ್ದಲಿಲ್ಲ. ಅಲ್ಲಿ ಮರವನ್ನು ಲಡ್ಡು ಮಾಡುವುದು ಮುಖ್ಯವಾಗಿ ಶಿಲೀಂಧ್ರ. ಶಿಲೀಂಧ್ರಕ್ಕೆ ತೇವ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕೆಳಗೆ ಇರುವವರೆಗೆ ಅದು ಬೆಳೆಯುವುದು ಕಷ್ಟ; ಶೇ. 30ರ ಆಸುಪಾಸಿಗೆ ಬಂದು ವಾರಗಟ್ಟಲೆ ಹಾಗೇ ಉಳಿದರೆ ಅದಕ್ಕೆ ಹಬ್ಬ. ಬೆಚ್ಚನೆಯ ಹವೆಯೂ ಬೇಕು. ಕೊರೆವ ಚಳಿಯಲ್ಲಿ ಅದು ನಿದ್ದೆಹೋಗುತ್ತದೆ, 60–70 ಡಿಗ್ರಿಯ ಕಾವು ಹೊತ್ತುಗಟ್ಟಲೆ ತಾಗಿದರೆ ಸಾಯುತ್ತದೆ. ಹೀಗಾಗಿ ಸೌನಾದ ಅತಿ ಬಿಸಿಯಾದ ಜಾಗ, ಅಂದರೆ ಚಾವಣಿ ಮತ್ತು ಮೇಲಿನ ಜಗಲಿ, ಕೊಳೆಯುವ ಭಯ ಅತಿ ಕಡಿಮೆ ಇರುವ ಜಾಗವೂ ಹೌದು. ಪ್ರತಿ ಸಲ ಒಲೆ ಉರಿಸಿದಾಗಲೂ ಆ ಮರ ಕಾದು, ಒಣಗಿ, ಶುದ್ಧವಾಗುತ್ತದೆ. ನೆಲದ ಮಟ್ಟದಲ್ಲಿ ಗಾಳಿ 30–40 ಡಿಗ್ರಿ ದಾಟುವುದೇ ಅಪರೂಪ. ಮಿಂದ ನೀರೆಲ್ಲ ಇಳಿಯುವುದೂ ಅಲ್ಲಿಗೇ. ಹಳೆಯ ಸೌನಾವನ್ನು ಪರೀಕ್ಷಿಸಲು ಬಂದ ಬಡಗಿ ಚಾವಣಿಯತ್ತ ಕಣ್ಣೆತ್ತುವ ಮೊದಲು ಚೂಪಾದ ಉಳಿ ಹಿಡಿದು ಮೂಲೆಯ ಬುಡದ ದಿಮ್ಮಿಯನ್ನು, ಬಾಗಿಲ ಹೊಸ್ತಿಲಿನ ಅಡಿಯನ್ನು, ಒಲೆಯ ಎದುರುಬದಿಯ ನೆಲದಂಚನ್ನು ಚುಚ್ಚಿ ನೋಡುತ್ತಾನೆ. ಒಳ್ಳೆಯ ಮರ ಉಳಿಯನ್ನು ಒದ್ದು ನಿಲ್ಲಿಸುತ್ತದೆ. ಲಡ್ಡಾದ ಮರದಲ್ಲಿ ಅದು ಸದ್ದಿಲ್ಲದೆ ಎರಡು ಬೆರಳು ಒಳಗೆ ಹೋಗುತ್ತದೆ.

ಯುರೋಪಿನಲ್ಲಿ ಮರದ ಸಹಜ ಬಾಳಿಕೆಯನ್ನು ಇಎನ್ 350 ಎಂಬ ಮಾನಕ ಐದು ದರ್ಜೆಗಳಲ್ಲಿ ಅಳೆಯುತ್ತದೆ. ಒಂದನೆಯದು ಅತಿ ಗಟ್ಟಿ, ಐದನೆಯದು ಅತಿ ದುರ್ಬಲ. ಕಾಡಿನ ತೇಗ ಒಂದನೆಯ ದರ್ಜೆ. ಓಕ್ ಮತ್ತು ಉತ್ತರ ಅಮೆರಿಕದ ಕೆಂಪು ಸೀಡರ್ ಎರಡನೆಯವು. ಲಾರ್ಚ್ ಮತ್ತು ಪೈನ್ ಮರಗಳ ಚೇಗು ಮೂರು–ನಾಲ್ಕರ ನಡುವೆ ತೂಗುತ್ತದೆ. ಸ್ಪ್ರೂಸ್ ನಾಲ್ಕಕ್ಕೋ ಅದಕ್ಕೂ ಕೆಳಗೋ ಬರುತ್ತದೆ. ಭೂರ್ಜ, ಆಲ್ಡರ್, ಆಸ್ಪೆನ್ ಐದು. ಈ ಅಂಕೆಗಳು ಚೇಗಿಗೆ ಮಾತ್ರ ಅನ್ವಯ. ಚೇಗಿನ ಸುತ್ತಲ ಬಿಳಿ ಭಾಗ ಯಾವ ಜಾತಿಯದ್ದೇ ಆಗಲಿ ಐದನೆಯ ದರ್ಜೆಯದೆಂದೇ ಹಿಡಿಯುವುದು ವಾಡಿಕೆ. ತೇಗದ ದರ ಕೊಟ್ಟು ಬಿಳಿ ಹಲಗೆ ತಂದವನಿಗೂ ಆಸ್ಪೆನ್ ತಂದವನಿಗೂ ಕೊಳೆಯುವ ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ. ಲಾರ್ಚ್ ಕೊಂಡೆ ಎಂದು ನೆಮ್ಮದಿಯಾಗುವ ಮೊದಲು ಹಲಗೆಯ ಅಂಚು ತಿರುಗಿಸಿ ಬಣ್ಣ ನೋಡಬೇಕು.

ಪಟ್ಟಿಯ ತೀರಾ ಕೆಳಗಿರುವ ಆಸ್ಪೆನ್ ಮತ್ತು ಆಲ್ಡರ್‌ಗಳನ್ನೇ ಫಿನ್ನರು ಕೂರುವ ಜಗಲಿಗೆ ಆರಿಸಿಕೊಳ್ಳುತ್ತಾರೆ. ಇದು ಬಡತನದ ಆಯ್ಕೆಯಲ್ಲ, ಬರಿಮೈಯ ಅನುಭವ ಕಲಿಸಿದ ಆಯ್ಕೆ. 85 ಡಿಗ್ರಿಗೆ ಕಾದ ಹಲಗೆಯ ಮೇಲೆ ಬರಿಮೈಯಲ್ಲಿ ಕೂರಬೇಕಾದರೆ ಆ ಹಲಗೆ ತನ್ನ ಬಿಸಿಯನ್ನು ಚರ್ಮಕ್ಕೆ ಬೇಗ ದಾಟಿಸಬಾರದು. ದಾಟಿಸುವ ವೇಗ ಬಹುಮಟ್ಟಿಗೆ ಸಾಂದ್ರತೆಯನ್ನು ಅವಲಂಬಿಸಿದೆ. ತೇಗ ಘನ ಮೀಟರಿಗೆ ಸುಮಾರು 650 ಕಿಲೊ ತೂಗುತ್ತದೆ, ಆಸ್ಪೆನ್ ಸುಮಾರು 450. ಹಗುರ ಮರದ ಕೋಶಗಳಲ್ಲಿ ಗಾಳಿ ಹೆಚ್ಚು, ಬಿಸಿ ಸಾಗುವ ದಾರಿ ಕಡಿಮೆ. ಬಾಣಲೆಗೆ ಮರದ ಹಿಡಿ ಹಾಕಿಸುವ ತರ್ಕವೇ ಇದೂ. ತೇಗದಲ್ಲಿ ಎಣ್ಣೆಯಂಶವೂ ಇದೆ. ಅದನ್ನು ಗಟ್ಟಿಯಾಗಿಸಿದ ಗುಣವೇ ಜಗಲಿಗೆ ಬೇಡವಾದ ಗುಣ. ಪೈನ್ ಮರದ ತೊಂದರೆ ಗಂಟಿನದು. ಕಾವೇರಿದಂತೆ ಗಂಟಿನೊಳಗಿನ ರಾಳ ಕರಗಿ ಹನಿಯಾಗಿ ಹೊರಬರುತ್ತದೆ, ಕುದಿಯುವ ಜೇನಿನಂತೆ ಬೆನ್ನಿಗೆ ಅಂಟುತ್ತದೆ. ಆಸ್ಪೆನ್‌ನಲ್ಲಿ ರಾಳವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ, ಸಿಬಿರು ಏಳುವುದೂ ಅಪರೂಪ.

ಚೆನ್ನಾಗಿ ಕಟ್ಟಿದ ಜಗಲಿಯನ್ನು ಹತ್ತಿರದಿಂದ ನೋಡಿದರೆ ಬಾಳಿಕೆ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಹಲಗೆಯ ಅಗಲ ಸುಮಾರು 9 ಸೆಂಟಿಮೀಟರು, ದಪ್ಪ ಮೂರಕ್ಕೆ ಸ್ವಲ್ಪ ಕಡಿಮೆ. ಎರಡು ಹಲಗೆಗಳ ನಡುವೆ ಬೆರಳು ತೂರುವ ಸಂದು, ನೀರು ನಿಲ್ಲದಂತೆ ಇಳಿಯಲು ಮತ್ತು ಗಾಳಿ ಕೆಳಗಿನಿಂದಲೂ ಆಡಲು. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿರುತ್ತಾರೆ. ತಿರುಪುಮೊಳೆಗಳೆಲ್ಲ ಅಡಿಯಿಂದ ಹೊಕ್ಕಿರುತ್ತವೆ, ಏಕೆಂದರೆ ಮೇಲ್ಮೈಯಲ್ಲಿ ಇಣುಕುವ ಒಂದು ಮೊಳೆತಲೆ ಸಾಕು ತೊಡೆ ಸುಡಲು. ವಾರ್ನಿಷ್ ಹಚ್ಚುವುದಿಲ್ಲ, ಬಿಸಿಯಲ್ಲಿ ಅದು ಕಮಟುತ್ತದೆ, ಸುಲಿಯುತ್ತದೆ. ಬೇಕೆನಿಸಿದರೆ ಪ್ಯಾರಫಿನ್ ಎಣ್ಣೆಯನ್ನು ತೆಳ್ಳಗೆ ಸವರುತ್ತಾರೆ, ಬೆವರಿನ ಕಲೆ ಇಂಗದಿರಲಿ ಎಂದು. ಎಲ್ಲರೂ ಮಿಂದು ಹೊರಟ ಮೇಲೂ ಒಲೆಗೆ ಇನ್ನೆರಡು ಸೌದೆ ಒಟ್ಟಿ, ಗಾಳಿಗಿಂಡಿ ತೆರೆದಿಟ್ಟು ಹೋಗುತ್ತಾರೆ. ಐದನೆಯ ದರ್ಜೆಯ ಮರ ವರ್ಷಗಟ್ಟಲೆ ಬೆಳ್ಳಗೆ ಉಳಿಯುವುದು ಈ ಕೊನೆಯ ಎರಡು ಸೌದೆಯಿಂದ.

ಪಶ್ಚಿಮ ಆಫ್ರಿಕದಿಂದ ಬರುವ ಅಬಾಚಿ ಆಸ್ಪೆನ್‌ಗಿಂತಲೂ ಹಗುರ, ಘನ ಮೀಟರಿಗೆ ಸುಮಾರು 380 ಕಿಲೊ, ಗಂಟೇ ಇಲ್ಲದ್ದು. ಮಧ್ಯ ಯುರೋಪಿನ ಸೌನಾಗಳಲ್ಲಿ ಅದಕ್ಕೆ ದೊಡ್ಡ ಮಾನ. ಕೂರಲು ನಿಜಕ್ಕೂ ಹಿತ. ಆದರೆ ಆಸ್ಪೆನ್ ಹಿತ್ತಲಲ್ಲೇ ಬೆಳೆಯುವ ನಾಡು ಉಷ್ಣವಲಯದ ಕಾಡಿನ ಮರವನ್ನು ಹಡಗಿನಲ್ಲಿ ತರಿಸಿಕೊಳ್ಳಲು ಸಕಾರಣ ನನಗೆ ಕಾಣುವುದಿಲ್ಲ.

ಒಳಗೋಡೆಗೆ ಸ್ಪ್ರೂಸ್ ಬಲು ಹಿಂದಿನಿಂದ ಬಂದ ಆಯ್ಕೆ. ಅಗ್ಗ, ಪೈನ್‌ಗಿಂತ ರಾಳ ಕಡಿಮೆ. ದರ್ಜೆಯಲ್ಲಿ ಹಿಂದಿದ್ದರೂ ಅದರಲ್ಲೊಂದು ಗುಣ ಅಡಗಿದೆ. ಒಮ್ಮೆ ಒಣಗಿದರೆ ಅದರ ಕೋಶಗಳ ನಡುವಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ನೀರು ಹೀರುವುದು ನಿಧಾನವಾಗುತ್ತದೆ. ರಾಸಾಯನಿಕ ದ್ರಾವಣ ಕುಡಿಸಿ ಸಂಸ್ಕರಿಸಲು ಹೊರಟವರಿಗೆ ಸ್ಪ್ರೂಸ್ ಮಣಿಯದಿರುವುದು ಇದರಿಂದಲೇ. ಮಳೆಗೆ ಅದು ಅಷ್ಟಾಗಿ ತೋಯದಿರುವುದೂ ಇದರಿಂದಲೇ. ನಾರ್ಡಿಕ್ ದೇಶಗಳ ಲಕ್ಷಾಂತರ ಮನೆಗಳ ಹೊರಗೋಡೆ ಈ ನಾಲ್ಕನೆಯ ದರ್ಜೆಯ ಮರದ್ದೇ. ಹಲಗೆಯ ಹಿಂದೆ ಗಾಳಿಯಾಡಲು ಎರಡು ಸೆಂಟಿಮೀಟರಿನಷ್ಟು ಟೊಳ್ಳು ಬಿಟ್ಟಿರುತ್ತಾರೆ ಎನ್ನುವುದನ್ನು ಮಾತ್ರ ಮರೆಯುವಂತಿಲ್ಲ.

ಹೊರಮೈಯ ಮಾತಿಗೆ ಬಂದಾಗ ಇತಿಹಾಸದ ಎರಡು ಸಾಕ್ಷಿಗಳು ನನಗೆ ಯಾವ ಮಾನಕಕ್ಕಿಂತಲೂ ಹೆಚ್ಚು ಹೇಳುತ್ತವೆ. ನಾರ್ವೆಯಲ್ಲಿ ಮಧ್ಯಯುಗದ ಮೊದಲ ಮರದ ಚರ್ಚುಗಳ ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳಿದ್ದರು. ಬುಡ ಕೊಳೆತು ಅವು ಬಿದ್ದುಹೋದವು. ಆಮೇಲೆ ಬಂದವರು ಮಣ್ಣಿನ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ಅಡ್ಡತೊಲೆ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿದರು. ಮರ ಅದೇ ಪೈನ್. ಹನ್ನೆರಡನೆಯ ಶತಮಾನದ ಉರ್ನೆಸ್, ಅದರ ಕೊನೆಗೆ ಕಟ್ಟಿದ ಬೋರ್ಗುಂಡ್ ಇಂದಿಗೂ ನಿಂತಿವೆ. ಡಾಂಬರೆಣ್ಣೆ ಬಳಿಯುವ ಕೆಲಸವನ್ನು ಮಾತ್ರ ತಲೆಮಾರುಗಳು ಬಿಟ್ಟಿಲ್ಲ. ಇನ್ನೊಂದು ಸಾಕ್ಷಿ ರಷ್ಯದ ಕಿಝಿ ದ್ವೀಪದಲ್ಲಿದೆ. 1714ರ ಅಲ್ಲಿನ ಚರ್ಚಿನ 22 ಗುಮ್ಮಟಗಳನ್ನು ಹೊದಿಸಿರುವುದು ಆಸ್ಪೆನ್ ಮರದ ಚಿಕ್ಕ ಚಿಕ್ಕ ಹೆಂಚುಗಳಿಂದ. ಕಾಗದದ ಮೇಲೆ ಐದನೆಯ ದರ್ಜೆಯಾದ ಮರ ಚಾವಣಿಯ ಮೇಲೆ ದಶಕಗಟ್ಟಲೆ ಬೆಳ್ಳಿಯಂತೆ ಹೊಳೆಯುತ್ತದೆ, ಏಕೆಂದರೆ ತೆಳ್ಳಗಿನ ಹೆಂಚು ಕಡಿದಾದ ಇಳಿಜಾರಿನಲ್ಲಿ ಮಳೆ ನಿಂತ ಕೂಡಲೇ ಒಣಗಿಬಿಡುತ್ತದೆ. ಹೀಗಾಗಿ ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ, ಮರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬ ಪ್ರಶ್ನೆಗಳು ಜಾತಿಯ ಪ್ರಶ್ನೆಗಿಂತ ಮೊದಲು ಬರಬೇಕು. ನೆಲಕ್ಕೂ ಮೊದಲ ಮರಕ್ಕೂ ನಡುವೆ ಕನಿಷ್ಠ 30 ಸೆಂಟಿಮೀಟರು ಕಲ್ಲೋ ಕಾಂಕ್ರೀಟೋ ಇರಲಿ. ಸೂರಿನಿಂದ ಬಿದ್ದ ಹನಿ ಸಿಡಿಯುವುದೂ ಹಿಮ ಕೂರುವುದೂ ಆ ಪಟ್ಟಿಯಲ್ಲೇ.

ಹಳ್ಳಿಯ ಬಡಗಿಗಳು ಅಡಿಗಲ್ಲಿಗೂ ಬುಡದ ದಿಮ್ಮಿಗೂ ನಡುವೆ ಭೂರ್ಜದ ತೊಗಟೆ ಹಾಸುತ್ತಿದ್ದರು. ನೀರು ದಾಟದ ಆ ತೊಗಟೆ ಕಲ್ಲಿನ ತೇವ ಮರಕ್ಕೆ ಏರದಂತೆ ತಡೆಯುತ್ತಿತ್ತು. ಇಂದು ಆ ಜಾಗಕ್ಕೆ ಡಾಂಬರು ಹಾಳೆ ಬಂದಿದೆ. ಬುಡದ ದಿಮ್ಮಿಗೆ ಮಾತ್ರ ಅವರು ನಿಧಾನವಾಗಿ ಬೆಳೆದ, ವರ್ಷದುಂಗುರ ಒತ್ತೊತ್ತಾಗಿರುವ ಪೈನ್ ಮರದ ಚೇಗನ್ನೇ ಹುಡುಕುತ್ತಿದ್ದರು. ಮರದ ಆಯ್ಕೆಯಲ್ಲಿ ಜಿಪುಣತನ ಮಾಡಬಾರದ ಒಂದೇ ಜಾಗ ಇದು. ಮೇಲಿನ ದಿಮ್ಮಿಗಳು ಸ್ಪ್ರೂಸ್ ಆಗಿದ್ದರೂ ನಡೆಯುತ್ತದೆ.

ಲಾಪ್ಲೆಂಡಿನ ಕಡೆ ಇನ್ನೊಂದು ಮರವಿದೆ: ಕೇಲೊ. ನೂರಾರು ವರ್ಷ ಬದುಕಿದ ಪೈನ್ ನಿಂತಲ್ಲೇ ಸತ್ತು, ತೊಗಟೆ ಕಳಚಿ, ಬೇರಿನ ಮೇಲೆಯೇ ದಶಕಗಟ್ಟಲೆ ಒಣಗಿ ಬೂದುಬೆಳ್ಳಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಡಿದು ಕಟ್ಟಿದ ಗೋಡೆ ಕುಗ್ಗುವುದಿಲ್ಲವೆಂದೇ ಹೇಳಬೇಕು. ಹಸಿ ದಿಮ್ಮಿಯ ಗೋಡೆ ಒಣಗುತ್ತ ಪ್ರತಿ ಮೀಟರಿಗೂ ಕೆಲವು ಸೆಂಟಿಮೀಟರು ತಗ್ಗುತ್ತದೆ, ಬಾಗಿಲ ಚೌಕಟ್ಟಿನ ಮೇಲೆ ಅದಕ್ಕೆಂದೇ ಜಾಗ ಬಿಡಬೇಕಾಗುತ್ತದೆ. ಕೇಲೊಗೆ ಆ ಕಾಟವಿಲ್ಲ. ನೋಡಲೂ ಅದಕ್ಕಿಂತ ಚೆಲುವಾದ ಗೋಡೆ ನನಗೆ ತಿಳಿದಿಲ್ಲ. ಆದರೂ ಹೊಸ ಸೌನಾಕ್ಕೆ ಕೇಲೊ ಬೇಡವೆಂದೇ ನನ್ನ ಮಾತು. ಸತ್ತು ನಿಂತ ಆ ಮರದಲ್ಲಿ ಕಲ್ಲುಹೂವು, ಶಿಲೀಂಧ್ರ, ದುಂಬಿ, ಹಕ್ಕಿಗಳ ಸಂಸಾರವೇ ಇರುತ್ತದೆ. ಒಂದು ಕೇಲೊ ಆಗಲು ಹಲವು ತಲೆಮಾರು ಬೇಕು, ಕಡಿಯಲು ಕೆಲವು ನಿಮಿಷ ಸಾಕು.

ಸೈಬೀರಿಯದ ಲಾರ್ಚ್ ಹೊರಮೈಗೆ ಬಲು ಬೇಡಿಕೆಯದಾಗಿತ್ತು. ರಷ್ಯದ ನೌಕಾಪಡೆಯ ಹಡಗುಗಳಿಗೆಂದು 1738ರಲ್ಲೇ ಕರೇಲಿಯದ ರೈವೊಲದಲ್ಲಿ ಲಾರ್ಚ್ ತೋಪು ನೆಟ್ಟಿದ್ದರೆಂದರೆ ಅದರ ಮೇಲಿದ್ದ ನಂಬಿಕೆ ಎಂಥದ್ದೆಂದು ಊಹಿಸಬಹುದು. ಗಟ್ಟಿ, ಭಾರ, ರಾಳ ತುಂಬಿದ ಮರ. ಆದರೆ ತಿರುಚುತ್ತದೆ, ಸೀಳುತ್ತದೆ. ಯುಕ್ರೇನ್ ಯುದ್ಧ ಶುರುವಾದ ಬಳಿಕ 2022ರಲ್ಲಿ ಐರೋಪ್ಯ ಒಕ್ಕೂಟ ರಷ್ಯದ ಮರದ ಆಮದನ್ನು ನಿಷೇಧಿಸಿತು. ಕೆಂಪು ಸೀಡರ್ ಉತ್ತರ ಅಮೆರಿಕದವರ ಮೆಚ್ಚಿನ ಮರ. ಹಗುರವೂ ಹೌದು, ಬಾಳಿಕೆಯದೂ ಹೌದು. ಎರಡೂ ಗುಣ ಒಟ್ಟಿಗೆ ಸಿಗುವುದು ಅಪರೂಪ. ಬ್ರಿಟಿಷ್ ಕೊಲಂಬಿಯದಲ್ಲಿ ಸೌನಾ ಕಟ್ಟುವವರಿಗೆ ಅದು ಊರಿನ ಮರ, ಧಾರಾಳವಾಗಿ ಬಳಸಲಿ. ಅದರ ಬಾಳಿಕೆಗೆ ಕಾರಣವಾದ ಸಾರವೇ ಬಿಸಿಯಲ್ಲಿ ದಟ್ಟ ವಾಸನೆಯಾಗಿ ಏಳುತ್ತದೆ, ಕೆಲವರಿಗೆ ಅದು ಒಗ್ಗದು. ಅದರ ಪುಡಿ ಮರಗೆಲಸದವರಲ್ಲಿ ಆಸ್ತಮಾ ತರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಕಳೆದ ಮೂವತ್ತು ವರ್ಷಗಳಲ್ಲಿ ಈ ಇಡೀ ಪಟ್ಟಿಯನ್ನು ಅಲುಗಾಡಿಸಿದ್ದು ಶಾಖ ಸಂಸ್ಕರಣೆ. ಫಿನ್ಲೆಂಡಿನ ತಾಂತ್ರಿಕ ಸಂಶೋಧನಾ ಕೇಂದ್ರ ವಿಟಿಟಿ 1990ರ ದಶಕದಲ್ಲಿ ಇದನ್ನು ಉದ್ಯಮದ ಮಟ್ಟಕ್ಕೆ ತಂದಿತು. ಥರ್ಮೊವುಡ್ ಎಂಬ ಹೆಸರಿನಲ್ಲಿ ತಯಾರಕರ ಸಂಘ 2000ದಲ್ಲಿ ಹುಟ್ಟಿತು. ರಾಸಾಯನಿಕ ಏನೂ ಇಲ್ಲ. ಬಿಸಿ ಮತ್ತು ನೀರಾವಿ ಎರಡೇ. ಹಲಗೆಗಳನ್ನು ಗೂಡಿನಲ್ಲಿ ಪೇರಿಸಿ ಮೊದಲು ಸುಮಾರು 130 ಡಿಗ್ರಿಯವರೆಗೆ ಕಾಯಿಸುತ್ತಾರೆ. ಆಗ ತೇವವೆಲ್ಲ ಹೊರಟುಹೋಗುತ್ತದೆ. ಆಮೇಲೆ ಉಷ್ಣತೆ 185ರಿಂದ 215ರ ನಡುವೆ ಏರಿ ಎರಡು–ಮೂರು ಗಂಟೆ ನಿಲ್ಲುತ್ತದೆ. ಮರ ಹೊತ್ತಿಕೊಳ್ಳದಂತೆ ಸುತ್ತ ನೀರಾವಿ ತುಂಬಿರುತ್ತದೆ. ಕೊನೆಗೆ ತಣಿಸಿ, ತುಸು ತೇವ ಮರಳಿಸಿ ಹೊರತೆಗೆಯುತ್ತಾರೆ. ಆ ಬಿಸಿಯಲ್ಲಿ ಮರದ ಹೆಮಿಸೆಲ್ಯುಲೋಸ್ ಒಡೆಯುತ್ತದೆ. ನೀರನ್ನು ಹಿಡಿದಿಟ್ಟುಕೊಳ್ಳುವುದೂ ಶಿಲೀಂಧ್ರಕ್ಕೆ ಸುಲಭದ ತುತ್ತಾಗುವುದೂ ಬಹುಪಾಲು ಆ ಅಂಶವೇ. ಹೆಚ್ಚು ಕಾಯಿಸಿದ ಮರ ಗಾಳಿಯಿಂದ ಹೀರುವ ತೇವ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಿಗ್ಗುವುದು ಕುಗ್ಗುವುದು ತಗ್ಗುತ್ತದೆ, ಪೈನ್ ಮೂರು–ನಾಲ್ಕನೆಯ ದರ್ಜೆಯಿಂದ ಎರಡಕ್ಕೆ ಏರುತ್ತದೆ. ರಾಳ ಗೂಡಿನಲ್ಲೇ ಹೊರಟುಹೋಗುವುದರಿಂದ ಗಂಟುಗಳ ಕಾಟವೂ ಮುಗಿಯುತ್ತದೆ. ಆಸ್ಪೆನ್‌ಗೆ ಇದೇ ಸಂಸ್ಕಾರ ಕೊಟ್ಟರೆ ಬೆಲ್ಲದ ಬಣ್ಣದ, ಹಗುರವಾದ ಜಗಲಿ ಹಲಗೆ ಸಿಗುತ್ತದೆ.

2016ರಲ್ಲಿ ಹೆಲ್ಸಿಂಕಿಯ ಕಡಲಂಚಿನಲ್ಲಿ ತೆರೆದ ಲೊಯ್ಲು ಎಂಬ ಸಾರ್ವಜನಿಕ ಸೌನಾ ಇದಕ್ಕೆ ಎಲ್ಲರಿಗೂ ಕಾಣುವ ಉದಾಹರಣೆ. ಅವಾಂತೊ ವಾಸ್ತುಶಿಲ್ಪಿಗಳು ಅದರ ಮೈಗೆ ಶಾಖ ಸಂಸ್ಕರಿಸಿದ ಪೈನ್‌ನ ಸುಮಾರು 4,000 ಪಟ್ಟಿಗಳ ಹೊದಿಕೆ ಹಾಕಿದ್ದಾರೆ. ಜನ ಅದರ ಮೇಲೆ ಹತ್ತಿ ಕೂರುತ್ತಾರೆ, ಉಪ್ಪುಗಾಳಿ ಬೀಸುತ್ತದೆ, ಕಂದು ಮರ ಬಿಸಿಲಿಗೆ ಬೂದಿಬಣ್ಣವಾಗಿದೆ. ಬೂದಿಯಾಗುವುದು ಕೊಳೆಯುವುದಲ್ಲ. ಅದು ಬಿಸಿಲು ಮೇಲ್ಪದರದಲ್ಲಿ ಮಾತ್ರ ಮಾಡುವ ಕೆಲಸ.

ಶಾಖ ಸಂಸ್ಕರಣೆಗೆ ತನ್ನ ಬೆಲೆಯೂ ಇದೆ. ಹೆಚ್ಚು ಕಾಯಿಸಿದ ಮರ ಪೆಡಸಾಗುತ್ತದೆ, ಬಾಗುವ ಬಲ ಗಣನೀಯವಾಗಿ ತಗ್ಗುತ್ತದೆ. ಅದನ್ನು ತೊಲೆಗೆ, ಕಂಬಕ್ಕೆ ಬಳಸುವುದಿಲ್ಲ. ಮಣ್ಣಿಗೆ ತಾಗುವ ಜಾಗಕ್ಕೂ ಅದು ಸಲ್ಲದು. ಮೊಳೆ ಹೊಡೆಯುವ ಮುನ್ನ ತೂತು ಕೊರೆಯದಿದ್ದರೆ ಅಂಚು ಸಿಗಿಯುತ್ತದೆ. ಸಂಸ್ಕರಣೆಯಲ್ಲಿ ಹುಟ್ಟಿದ ಆಮ್ಲ ಕಬ್ಬಿಣವನ್ನು ತಿನ್ನುವುದರಿಂದ ಸ್ಟೇನ್‌ಲೆಸ್ ಮೊಳೆಯೇ ಬೇಕು. ಈ ಮಾತು ಸೀಡರ್, ಓಕ್‌ಗಳಿಗೂ ಅನ್ವಯ. ನಮ್ಮ ಕಡೆಯ ರೆಸಾರ್ಟುಗಳಲ್ಲೋ ತೋಟದ ಮನೆಗಳಲ್ಲೋ ಬಯಲಿನ ಸೌನಾ ಕಟ್ಟಿಸುವ ಮನಸ್ಸಿರುವವರು ಇನ್ನೊಂದು ಸಂಗತಿ ಗಮನಿಸಬೇಕು. ಈ ಸಂಸ್ಕಾರ ಶಿಲೀಂಧ್ರಕ್ಕೆ ತಡೆ, ಗೆದ್ದಲಿಗೆ ಅಲ್ಲ. ಮಲೆನಾಡಿನ ಮಣ್ಣಿನ ಮೇಲೆ ಫಿನ್ಲೆಂಡಿನ ಮರವನ್ನು ಅಲ್ಲಿಯ ಲೆಕ್ಕದಲ್ಲೇ ಇಟ್ಟರೆ ಉಳಿಯದು. ನಮ್ಮಲ್ಲಿ ಬುಡಕ್ಕೆ ಕಲ್ಲು, ಹೊರಮೈಗೆ ನಮ್ಮದೇ ಚೇಗಿನ ಮರ, ಜಗಲಿಗೆ ಮಾತ್ರ ಹಗುರ ಮರ ಎನ್ನುವುದೇ ಸರಿ.

ಹೊರಗೋಡೆಗೆ ಬಣ್ಣ ಬೇಕೆನಿಸಿದರೆ ಸ್ವೀಡನ್ನಿನ ಫಾಲೂನ್ ಗಣಿಯ ಹೆಸರು ಹೊತ್ತ ಕೆಮ್ಮಣ್ಣಿನ ಬಣ್ಣ ಬಹಳ ಒಳ್ಳೆಯದು. ಕಬ್ಬಿಣದ ಆಕ್ಸೈಡನ್ನು ನೀರು, ರೈ ಹಿಟ್ಟಿನ ಗಂಜಿಯಲ್ಲಿ ಕುದಿಸಿ ಮಾಡುವ ಅದನ್ನು ಗರಗಸದಿಂದ ಸೀಳಿದ ಒರಟು ಹಲಗೆಗೇ ಬಳಿಯುತ್ತಾರೆ. ಅದು ಪೊರೆ ಕಟ್ಟುವುದಿಲ್ಲ, ಒಳಗಿನ ತೇವ ಹೊರಬರಲು ಬಿಡುತ್ತದೆ. ಪ್ಲಾಸ್ಟಿಕ್ಕಿನಂತೆ ಮುಚ್ಚುವ ದಪ್ಪ ಬಣ್ಣದ ಬಿರುಕಿನಲ್ಲಿ ಇಳಿದ ನೀರು ಒಳಗೇ ಸಿಕ್ಕಿಬೀಳುತ್ತದೆ. ಎಷ್ಟೋ ಗೋಡೆಗಳು ಕೆಟ್ಟಿರುವುದು ಬಣ್ಣವಿಲ್ಲದೆ ಅಲ್ಲ, ಬಣ್ಣದ ಅಡಿಯಲ್ಲಿ.

ಈಗ ಎಲ್ಲೆಡೆ ಮಾರಾಟಕ್ಕಿರುವ ಪೀಪಾಯಿ ಆಕಾರದ ಸೌನಾದ ಬಗ್ಗೆ ಖಚಿತವಾಗಿ ಹೇಳಬೇಕು. ಅದರಲ್ಲಿ ಗೋಡೆಯೇ ಚಾವಣಿ, ಸೂರೇ ಇಲ್ಲ. ನೆತ್ತಿಯ ಹಲಗೆಗಳ ಮೇಲೆ ಹಿಮ ಕೂರುತ್ತದೆ, ಬಿಸಿಲು ನೇರ ಬೀಳುತ್ತದೆ, ಅಡಿಯಿಂದ ಒಲೆ ಕಾಯಿಸುತ್ತದೆ. ಒಣಗಿದಾಗ ಸಂದು ಬಿಡುತ್ತದೆ, ಮಳೆ ಬಂದಾಗ ಅದೇ ಸಂದಿನಲ್ಲಿ ಸೋರುತ್ತದೆ. ಎರಡು ತುದಿಗಳಲ್ಲಿ ಹಲಗೆಯ ಕಡಿದ ಮುಖ ಬಯಲಿಗೆ ತೆರೆದಿರುತ್ತದೆ, ಮರ ನೀರು ಹೀರುವುದು ಆ ಮುಖದಿಂದಲೇ ಹೆಚ್ಚು. ಇಲ್ಲಿ ಸೀಡರ್ ಅಥವಾ ಶಾಖ ಸಂಸ್ಕರಿಸಿದ ಮರಕ್ಕೆ ದುಡ್ಡು ಹಾಕುವುದು ಸಾರ್ಥಕ, ಏಕೆಂದರೆ ವಿನ್ಯಾಸ ಮಾಡಬೇಕಾದ ಕೆಲಸವನ್ನೂ ಮರವೇ ಹೊರಬೇಕು. ನೆತ್ತಿಯ ಮೇಲೆ ಡಾಂಬರು ಹೆಂಚಿನದಾದರೂ ಒಂದು ಹೊದಿಕೆ ಹಾಕಿಸುವುದು ಅದಕ್ಕಿಂತ ಸಾರ್ಥಕ.

ಹಸಿರು ಬಣ್ಣಕ್ಕೆ ತಿರುಗಿದ, ತಾಮ್ರದ ಲವಣವನ್ನು ಒತ್ತಡದಲ್ಲಿ ಕುಡಿಸಿದ ಪೈನ್ ಹೊರಗಿನ ಮೆಟ್ಟಿಲಿಗೆ, ಅಟ್ಟಣೆಗೆ, ಅಡಿತೊಲೆಗೆ ಯೋಗ್ಯ. ಬಿಸಿಕೋಣೆಯ ಒಳಗೆ ಅದಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬುಡದ ದಿಮ್ಮಿ ಒಂದು ದಿನ ಕೆಡುತ್ತದೆ. ದಿಮ್ಮಿ ಸೌನಾದ ದೊಡ್ಡ ಅನುಕೂಲ ಇರುವುದು ಅಲ್ಲೇ. ನಾಲ್ಕು ಮೂಲೆಗೆ ಜಾಕಿ ಕೊಟ್ಟು ಇಡೀ ಕಟ್ಟಡವನ್ನು ಕೆಲವು ಸೆಂಟಿಮೀಟರು ಎತ್ತುತ್ತಾರೆ, ಲಡ್ಡಾದ ದಿಮ್ಮಿಯನ್ನು ಎಳೆದು ಹಾಕಿ ಅದೇ ಅಳತೆಯ ಒಣ ಚೇಗಿನ ದಿಮ್ಮಿಯನ್ನು ಕೂರಿಸುತ್ತಾರೆ, ಕಟ್ಟಡವನ್ನು ಮತ್ತೆ ಇಳಿಸುತ್ತಾರೆ. ಮೇಲಿನ ಗೋಡೆಗೆ ಏನೂ ಆಗುವುದಿಲ್ಲ. ಜಗಲಿಯ ಹಲಗೆಗಳನ್ನು ಬದಲಿಸುವುದು ಇನ್ನೂ ಸುಲಭ, ಅಡಿಯಿಂದ ತಿರುಪುಮೊಳೆ ಸಡಿಲಿಸಿದರಾಯಿತು. ಹೀಗೆ ಬಿಚ್ಚಿದ ಹಳೆಯ ಮರದಲ್ಲಿ ಬಣ್ಣವಾಗಲಿ, ತಾಮ್ರದ ಲವಣವಾಗಲಿ ಸೋಕಿದ್ದನ್ನು ಸುಡಬಾರದು, ಅದನ್ನು ಕಸ ಸಂಗ್ರಹದವರಿಗೆ ಬೇರೆಯಾಗಿಯೇ ಒಪ್ಪಿಸಬೇಕು. ಏನೂ ಹಚ್ಚದ ಆಸ್ಪೆನ್ ಹಲಗೆ ಮಾತ್ರ ತುಂಡಾಗಿ ಅದೇ ಸೌನಾದ ಒಲೆಗೆ ಹೋಗಬಹುದು.